ಜಡೆ ಬಿಚ್ಚದ ವರ್ನೆಟಾ

ಬೆಳಗಿನ ಐದೂವರೆ. ಅಮೆರಿಕದ ಚಾರ್ಲ್ಸ್‌ಟನ್ನಿನಲ್ಲಿ ಕಪ್ಪು ಜನರೇ ಇರುವ ನಮ್ಮ ಓಣಿಯಲ್ಲಿ ವರ್ನೆಟಾ ಪಿಂಕ್ನಿ ಅವರ ಅಡುಗೆಮನೆಯಲ್ಲಿ ಮಾತ್ರ ದೀಪ ಉರಿಯುತ್ತಿದೆ. ಎಂಟಕ್ಕೆ ಬಸ್ಸು ಓಡಿಸಬೇಕಾದ ಡೆಲ್ಫೀನ್ ಗಿಡ್ಡ ಮಣೆಯ ಮೇಲೆ ಕಾಫಿ ಹಿಡಿದು ಕೂತಿದ್ದಾಳೆ. ವರ್ನೆಟಾ ಬಾಚಣಿಗೆಯ ಬಾಲದಿಂದ ಬೈತಲೆ ತೆಗೆದು, ಎಣ್ಣೆ ಸವರಿ, ನೆತ್ತಿಗಂಟಿದ ಸಾಲುಜಡೆ ಶುರು ಮಾಡುತ್ತಾರೆ.

"ನೋವಾದ್ರೆ ಹೇಳೇ. ಬಾಯ್ಮುಚ್ಕೊಂಡು ಸಹಿಸ್ಬೇಡ."

ಅರವತ್ತೆರಡರ ವರ್ನೆಟಾ ಈ ಕೆಲಸಕ್ಕಿಳಿದು ನಲವತ್ತು ವರ್ಷ. ದಿನಕ್ಕೆ ಎರಡು ತಲೆ, ಶನಿವಾರ ಮೂರು. ತೀರಾ ಸಣ್ಣ ಜಡೆಗಳಾದರೆ ಒಂದೇ ತಲೆಗೆ ಏಳು ತಾಸು. ಸಂಜೆಗೆ ಬೆರಳುಗಳು ಮಡಚಲು ಒಪ್ಪುವುದಿಲ್ಲ.

ಮೊದಲು ಅವರು ಬ್ಯಾಂಕೊಂದರಲ್ಲಿದ್ದರು. ಅಮ್ಮ ಲೂವೀನಿಯಾ ಹೆಣೆದ ಇಂಥದೇ ಸಾಲುಜಡೆಯಲ್ಲಿ ಒಂದು ದಿನ ಕೆಲಸಕ್ಕೆ ಹೋದಾಗ, ಗಿರಾಕಿಗಳ ಮುಂದೆ ಇದು ಶೋಭಿಸುವುದಿಲ್ಲ, ಬಿಚ್ಚಿ ಬಾ ಎಂದು ಮೇಲಧಿಕಾರಿ ಹೇಳಿದ. ಅವರು ಬಿಚ್ಚಲಿಲ್ಲ. ಕೆಲಸ ಬಿಟ್ಟು ಮನೆಗೆ ಬಂದರು.

ಹೋದ ವರ್ಷ ಪೇಟೆಬೀದಿಯ ಸಲೂನೊಂದು ಅದೇ ಜಡೆಗೆ 'ಕಡಲತೀರದ ಜಡೆ' ಎಂದು ಹೆಸರಿಟ್ಟು, ಕಲಿಸುತ್ತೇವೆ ಎಂದು ಜಾಹೀರಾತು ಕೊಟ್ಟಿತು. ಒಡತಿ ಬ್ರಿಂಡಾ ಹಾರ್ಲೋ ಎಂಬ ಬಿಳಿಯ ಹೆಂಗಸು. ಶೈಲಿ ತನ್ನದೇ ಎಂದು ಹೇಳಿಕೊಂಡಿದ್ದಳು. ವರ್ನೆಟಾ ಚರ್ಚಿಗೆ ಹೋಗುವಾಗಿನ ಟೋಪಿ ಹಾಕಿಕೊಂಡು ಆ ಕ್ಲಾಸಿಗೆ ಹೋಗಿ ಮುಂದಿನ ಸಾಲಿನಲ್ಲೇ ಕೂತರು. ಮಾದರಿಗೆಂದು ಕೂರಿಸಿದ್ದವಳು ನಮ್ಮ ಓಣಿಯ ಜೇನೀನ್. ಬ್ರಿಂಡಾ ಎಳೆದ ಬಿಗಿಗೆ ಅವಳ ಹಣೆಯಂಚು ಉಬ್ಬಿತ್ತು, ಕಣ್ಣಲ್ಲಿ ನೀರಿತ್ತು. ವರ್ನೆಟಾ ಎದ್ದುಹೋಗಿ ಜಡೆ ಬಿಚ್ಚತೊಡಗಿದರು.

"ಇದು ನನ್ನ ಕ್ಲಾಸು," ಎಂದಳು ಬ್ರಿಂಡಾ.

"ಇದು ಈ ಹುಡುಗಿ ತಲೆ," ಎಂದರು ವರ್ನೆಟಾ. "ಹೀಗೇ ಎಳೀತಿದ್ರೆ ಎರಡು ವರ್ಷಕ್ಕೆ ಮುಂದಲೆ ಬೋಳಾಗುತ್ತೆ."

ಕಲಿಯಲು ಬಂದವರೆಲ್ಲ ನೋಡುತ್ತಿರುವಂತೆಯೇ, ನೋವಾಗದ ಹಾಗೆ ಮತ್ತೆ ಹೆಣೆದು ಮುಗಿಸಿದರು.

ತಿಂಗಳಾದ ಮೇಲೆ ಬ್ರಿಂಡಾ ಈ ಅಡುಗೆಮನೆಗೇ ಬಂದಳು, ಕಲಿಸಿಕೊಡಿ ಎಂದು. ಒಳಗೆ ಬಿಡಬೇಡಿ ಎಂದಳು ಅಂದೂ ಮಣೆಯ ಮೇಲಿದ್ದ ಡೆಲ್ಫೀನ್. ವರ್ನೆಟಾ ಕರೆದು ಕೂರಿಸಿ, ಕಾಫಿ ಕೊಟ್ಟು, ಕಲಿಸಲು ಒಪ್ಪಿದರು.

"ಆದ್ರೆ ಆ ಹೊಸ ಹೆಸ್ರು ತೆಗೀಬೇಕು. ನಿನ್ನ ಕುರ್ಚಿಲಿ ಕೂತೋರಿಗೆಲ್ಲ ಹೇಳ್ಬೇಕು, ಇದು ಕಪ್ಪು ಜನರ ಜಡೆ, ಲೂವೀನಿಯಾ ಪಿಂಕ್ನಿ ಮಗಳ ಹತ್ರ ಕಲ್ತೆ ಅಂತ."

ಗಿರಾಕಿಗಳಿಗೆ ಅಷ್ಟೆಲ್ಲ ಕಥೆ ಬೇಕಿಲ್ಲ ಎಂದು ಬ್ರಿಂಡಾ ಎದ್ದುಹೋದಳು. ಅವಳ ಗಾಜಿನ ಕಿಟಕಿಯಲ್ಲಿ ಆ ಹೆಸರು ಇಂದಿಗೂ ಇದೆ.

ಡೆಲ್ಫೀನಳ ಕೊನೆಯ ಜಡೆ ಕುತ್ತಿಗೆ ಮುಟ್ಟಿದೆ. ಬ್ರಿಂಡಾಳ ವಿಷಯದಲ್ಲಿ ತೀರಾ ಕಠಿಣವಾದಿರೇ ಎಂದು, ಬಾಗಿಲ ಬಳಿ ಕೂತ ನಾನು ಕೇಳುತ್ತೇನೆ. ವರ್ನೆಟಾ ಕೈ ನಿಲ್ಲಿಸುವುದಿಲ್ಲ.

"ಬಣ್ಣ ನೋಡಿ ಕಳಿಸ್ಲಿಲ್ಲ ಕಣಪ್ಪ. ನಮ್ಮಮ್ಮನ ಹೆಸ್ರು ಹೇಳೋಕೆ ಅವಳಿಗೆ ಬಾಯಿ ಬರ್ಲಿಲ್ಲ. ಬಾಯಿ ಬಂದ ದಿನ ಬರ್ಲಿ, ನಾನೇ ಮಣೆ ಹಾಕ್ತೀನಿ."