ತಕರಾರು ಇದೆಯಾ?

ನಮ್ಮ ದೊಡ್ಡಮ್ಮನಿಗೆ ಊರಿನಲ್ಲಿ ಓಡಾಡುವ ಹೆಸರು ತಕರಾರು. ಎದುರಿಗೆ ಯಾರೂ ಹಾಗೆ ಕರೆಯುವ ಧೈರ್ಯ ಮಾಡುವುದಿಲ್ಲ. ಬಾಯಿತಪ್ಪಿ ಕರೆದವರ ಅಂಗಿ ಅವಳ ಅಂಗಡಿಯಿಂದ ಇಸ್ತ್ರಿಯಾಗಿ ವಾಪಸು ಬಂದಾಗ ಕಾಲರ್ ಮಾತ್ರ ಮುದುಡಿಕೊಂಡೇ ಇರುತ್ತದೆ. ಬೆನ್ನ ಹಿಂದೆ ಧಾರಾಳ. ಅದೂ ಮನುಷ್ಯರ ಸುದ್ದಿ ಹೇಳುವ ಹಾಗಲ್ಲ. ‘ತಕರಾರು ಬಂತು, ಸುಮ್ನಿರಿ’, ‘ತಕರಾರು ಹೋಯ್ತಾ?’ ಎಂದು, ಬಸ್ಸೋ ಮಳೆಯೋ ಬಂದು ಹೋದ ಹಾಗೆ ಹೇಳುತ್ತಾರೆ.

ಹೆಸರಿಗೆ ಕಾರಣವಿಲ್ಲದಿಲ್ಲ. ನಲ್ಲಿಯಲ್ಲಿ ನೀರು ಬಾರದಿದ್ದರೆ ಬರಲಿಲ್ಲವೆಂದು ಜಗಳ, ಬಂದರೆ ಕೆಂಪಗಿದೆಯೆಂದು ಜಗಳ. ನನ್ನ ಮೂಗಿನ ಮೇಲೂ ಅವಳದೊಂದು ಆಕ್ಷೇಪವಿದೆ. ಆ ಮೂಗು ನನ್ನ ಅಪ್ಪನ ಕಡೆಯಿಂದ ಬಂದದ್ದಂತೆ. ಅದು ನಿಜವೂ ಹೌದು, ಏನು ಮಾಡಲಿ?

ಅವಳದು ಬಟ್ಟೆ ಒಗೆದು ಇಸ್ತ್ರಿ ಮಾಡುವ ಅಂಗಡಿ. ಇಸ್ತ್ರಿ ಮೇಜಿನ ಮುಂದೆ ನಿಲ್ಲುವವನು ನಾನು. ಪೇಟೆಯ ಆಸ್ಪತ್ರೆಯ, ಲಾಡ್ಜುಗಳ ಬಿಳಿ ಹಾಸುಗಳೆಲ್ಲ ನಮ್ಮಲ್ಲಿಗೇ ಬರುತ್ತವೆ. ಅಂಗಡಿಯ ಹಿಂದೆ ಕಲ್ಲುಗುಡ್ಡ, ಗುಡ್ಡದ ಬುಡದಲ್ಲಿ ನಾವು ಹಗ್ಗ ಕಟ್ಟಿ ಬಟ್ಟೆ ಒಣಗಿಸುವ ಬಯಲು.

ಆ ಗುಡ್ಡ ಒಡೆದು ಜಲ್ಲಿ ಮಾಡುತ್ತೇನೆಂದು ಗುತ್ತಿಗೆದಾರನೊಬ್ಬ ಅರ್ಜಿ ಹಾಕಿದ. ಗೋಡೆ ಬಿರುಕು ಬಿಡುತ್ತದೆ, ಬಾವಿ ಕೆಡುತ್ತದೆ ಎಂದು ಊರಿಗೆಲ್ಲ ಭಯ. ದೊಡ್ಡಮ್ಮನಿಗಂತೂ ಅಂಗಡಿಗೇ ಕುತ್ತು. ಧೂಳು ಕೂತ ಹಾಸನ್ನು ಯಾವ ಆಸ್ಪತ್ರೆಯವರು ತೆಗೆದುಕೊಳ್ಳುತ್ತಾರೆ?

ಜನರ ಮಾತು ಕೇಳಲು ಅಧಿಕಾರಿಯೊಬ್ಬರು ಶಾಲೆಗೆ ಬರುತ್ತಾರೆಂದು ಗೊತ್ತಾಯಿತು. ಆಗ ನಮ್ಮ ನಿವೃತ್ತ ಮೇಷ್ಟ್ರು ಒಂದು ಘನವಾದ ಉಪಾಯ ಹೂಡಿದರು. ಹಿಂದೆ ಕರೆಂಟಿನ ಅಧಿಕಾರಿ ಬಂದಾಗ ದೊಡ್ಡಮ್ಮ ಹರಿಹಾಯ್ದ ರಭಸಕ್ಕೆ ಆತ ಚಪ್ಪಲಿ ಬಿಟ್ಟು ಓಡಿದ್ದ. ಈ ಸಲ ಹಾಗಾಗಬಾರದು, ತಾನು ಮೃದುವಾಗಿ ಭಾಷಣ ಮಾಡುತ್ತೇನೆ, ಅವಳಿಗೆ ಮಾತ್ರ ಸಭೆ ಮಧ್ಯಾಹ್ನದ ಮೇಲೆ ಅಂತ ಹೇಳಿಬಿಡಿ ಎಂದರು. ಆ ಸುಳ್ಳನ್ನು ಮನೆಗೆ ತಂದು ಮುಟ್ಟಿಸಿದವರು ಬೇರೆ ಯಾರೂ ಅಲ್ಲ, ಸೈಕಲ್ ರಿಪೇರಿಯ ನಮ್ಮ ದೊಡ್ಡಪ್ಪ.

ಮೇಜಿಗೆ ಹಾಸುವ ಬಿಳಿ ಬಟ್ಟೆ ಕೊಡಲು ಬೆಳಿಗ್ಗೆ ನಾನು ಶಾಲೆಗೆ ಹೋದರೆ ಸಭೆ ಆಗಲೇ ಶುರುವಾಗಿತ್ತು. ಅಧಿಕಾರಿ ಬೆವರು ಒರೆಸಿಕೊಳ್ಳುತ್ತಾ ಅವಸರದಲ್ಲಿ ಕೇಳಿದರು:

“ತಕರಾರು ಇದೆಯಾ?”

ಜನ ಅಭ್ಯಾಸಬಲದಿಂದ ಬಾಗಿಲ ಕಡೆ ನೋಡಿದರು. ಅವಳು ಕಾಣಲಿಲ್ಲ.

“ಇಲ್ಲ ಸಾರ್!” ಎಂದು ಒಕ್ಕೊರಲಿನಿಂದ ಹೇಳಿದರು.

“ಸರಿಯಾಗಿ ನೋಡಿ ಹೇಳಿ. ಆಮೇಲೆ ಬಂದ್ರೆ ನಾನು ತಗೊಳ್ಳಲ್ಲ.”

“ಬರಲ್ಲ ಸಾರ್,” ಎಂದರು ದೊಡ್ಡಪ್ಪ ಹೆಮ್ಮೆಯಿಂದ. “ಆ ಏರ್ಪಾಡೆಲ್ಲ ಮಾಡೇ ಬಂದಿದೀವಿ.”

ಗುತ್ತಿಗೆದಾರನ ಮುಖ ಊರಗಲವಾಯಿತು. ಗುಮಾಸ್ತ ‘ತಕರಾರು ಇಲ್ಲ’ ಎಂದು ಬರೆದು ಗಟ್ಟಿಯಾಗಿ ಓದಿದ. ಆಗ ಮೇಷ್ಟ್ರಿಗೆ ಜ್ಞಾನೋದಯವಾಯಿತು.

“ಅಯ್ಯೋ, ಆ ತಕರಾರು ಅಲ್ಲ ಸಾರ್! ನಮಗೆಲ್ಲ ತಕರಾರು ಇದೆ!”

“ಈಗ ತಾನೇ ಇಲ್ಲ ಅಂದ್ರಲ್ರೀ?”

“ಇಲ್ಲ ಅಂದಿದ್ದು ನಮ್ಮೂರ ತಕರಾರು ಸಾರ್. ಅದು ಒಬ್ಬ ಹೆಂಗಸು.”

ಅಧಿಕಾರಿ ಕೆಂಪಗಾದರು. “ನನ್ನ ಜೊತೆ ತಮಾಷೆನಾ? ಎಲ್ಲಿ, ಕರೆಸಿ ಆಕೇನ. ‘ನಾನೇ ತಕರಾರು’ ಅಂತ ಆಕೆ ಬಾಯಲ್ಲೇ ಹೇಳ್ಲಿ. ಇಲ್ಲಾಂದ್ರೆ ಬರೆದಿದ್ದು ಬರೆದ ಹಾಗೇ ಇರುತ್ತೆ.”

ಆ ಹೆಸರನ್ನು ಅವಳು ಒಪ್ಪಿಕೊಳ್ಳುವುದೆಂದರೇನು! ಓಡಿಹೋಗಿ, ದಾರಿಯುದ್ದಕ್ಕೂ ನಡೆದದ್ದನ್ನೆಲ್ಲ ಹೇಳುತ್ತಾ ಕರೆತಂದೆ.

ಸೆರಗಿನಲ್ಲಿ ಒದ್ದೆ ಕೈ ಒರೆಸಿಕೊಳ್ಳುತ್ತಾ ಒಳಗೆ ಬಂದಳು. ಅಧಿಕಾರಿ ಕೇಳಿದರು: “ಏನಮ್ಮಾ, ನಿಮ್ಮನ್ನ ತಕರಾರು ಅಂತ ಕರೀತಾರಾ?”

“ಯಾರು ಕರೀತಾರೆ?” ಎಂದು ದೊಡ್ಡಮ್ಮ ಸಭೆಯ ಕಡೆ ತಿರುಗಿದಳು.

ಊರಿಗೆ ಊರೇ ಶಾಲೆಯ ಹಂಚು ನೋಡತೊಡಗಿತು.

“ಆ ಹೆಸರು ಇಟ್ಟೋರು ಯಾರೋ ಎದ್ದು ನಿಲ್ಲಲಿ. ಆಮೇಲೆ ಹೇಳ್ತೀನಿ ಹೌದೋ ಅಲ್ವೋ ಅಂತ. ಬೇಗ ಆಗ್ಲಿ, ಬಟ್ಟೆ ನೀರಲ್ಲಿದೆ.”

ಗುಮಾಸ್ತ ಪೆನ್ನು ಹಿಡಿದು ಕೂತಿದ್ದ. ಗುತ್ತಿಗೆದಾರ ಚೀಲ ಎತ್ತಿಕೊಂಡು ಹೊರಡಲು ಅಣಿಯಾದ. ಹಿಂದಿನ ಬೆಂಚು ಕಿರ್ರೆಂದಿತು. ತಲೆ ತಗ್ಗಿಸಿಕೊಂಡು ಎದ್ದು ನಿಂತವರು ದೊಡ್ಡಪ್ಪ.

“ನೀವಾ?”

“ಮದುವೆ ಹೊಸದ್ರಲ್ಲಿ ಕಣೇ... ಪ್ರೀತಿಯಿಂದ ಒಂದ್ಸಲ ಅಂದೆ. ಮೇಷ್ಟ್ರು ಕೇಳಿಸ್ಕೊಂಡ್ಬಿಟ್ರು.”

ಮೇಷ್ಟ್ರು ಕೈಯಲ್ಲಿದ್ದ ಭಾಷಣದ ಹಾಳೆಯಿಂದ ಮುಖ ಮುಚ್ಚಿಕೊಂಡರು. ದೊಡ್ಡಮ್ಮ ಗಂಡನನ್ನು ಒಂದು ಗಳಿಗೆ ನೋಡಿದಳು. ಕೋಪ ಇತ್ತು, ಸುಳ್ಳೇಕೆ ಹೇಳಲಿ, ಆದರೆ ತುಟಿಯ ಕೊನೆಯಲ್ಲಿ ಬೇರೆ ಏನೋ ಇಣುಕಿದಂತೆಯೂ ಇತ್ತು. ಆಮೇಲೆ ಮೇಜಿನ ಹತ್ತಿರ ಹೋಗಿ, ಹಾಸಿದ್ದ ಬಟ್ಟೆಯ ಸುಕ್ಕೊಂದನ್ನು ಅಂಗೈಯಿಂದ ಸವರಿ ಸರಿಮಾಡಿದಳು.

“ಹೌದು ಸಾರ್, ನಾನೇ ತಕರಾರು. ಬಂದಿದೀನಿ. ಇಲ್ಲ ಅಂತ ಬರೆದಿದ್ದು ಹೊಡೆದುಹಾಕಿ, ಇದೆ ಅಂತ ಬರೀರಿ. ಒಂದು, ಈ ಜಲ್ಲಿ ಮೇಲೆ. ಗುಡ್ಡ ಒಡೆದ್ರೆ ನನ್ನ ಅಂಗಡಿ ಮುಚ್ಚುತ್ತೆ, ಇವರ ಮನೆ ಬೀಳುತ್ತೆ. ಇನ್ನೊಂದು, ಆ ಹಿಂದಿನ ಬೆಂಚಿನೋರ ಮೇಲೆ. ಅದನ್ನ ನೀವು ಬರ್ಕೊಳ್ಳೋದು ಬೇಡ, ನಾನು ಮನೇಲಿ ವಿಚಾರಿಸ್ಕೋತೀನಿ.”

ಅಧಿಕಾರಿಗೆ ನಗು ತಡೆಯಲಾಗಲಿಲ್ಲ. ಗುಮಾಸ್ತ ‘ಇಲ್ಲ’ವನ್ನು ಹೊಡೆದುಹಾಕಿದ. ಬಾಗಿಲು ತೆರೆದಂತಾಗಿ ಒಬ್ಬೊಬ್ಬರೇ ಎದ್ದು ತಮ್ಮ ಗೋಡೆ, ಬಾವಿಗಳ ಗೋಳು ಹೇಳಿದರು. ಮೇಷ್ಟ್ರಿಗೆ ಮಾತ್ರ ಭಾಷಣ ಮಾಡಲು ಸಮಯ ಸಿಗಲಿಲ್ಲ.

ಗಣಿಗೆ ಅನುಮತಿ ಸಿಗಲಿಲ್ಲ. ಗುಡ್ಡದ ಬುಡದಲ್ಲಿ ಆಸ್ಪತ್ರೆಯ ಹಾಸುಗಳು ಈಗಲೂ ಬೆಳ್ಳಗೆ ಒಣಗುತ್ತವೆ. ದೊಡ್ಡಪ್ಪನ ಅಂಗಿಗಳ ಕಾಲರ್ ಮಾತ್ರ ಅಂದಿನಿಂದ ಮುದುಡಿಕೊಂಡೇ ಇವೆ. ನಾನು ಒಮ್ಮೆ ಕದ್ದು ಇಸ್ತ್ರಿ ಹಾಕಲು ಹೋದೆ, ಅವರೇ ನನ್ನ ಕೈ ಹಿಡಿದರು.

“ಬೇಡಪ್ಪಾ, ಹಾಗೇ ಇರ್ಲಿ. ಇನ್ನೂ ನನ್ನ ಮೇಲೆ ತಕರಾರು ಇದೆ ಅಂತ ಗೊತ್ತಾಗುತ್ತೆ.”