ಜಗಳಕ್ಕೊಂದು ಸಾಲು ಚಿಗುರು

ನಮ್ಮ ಹೈಸ್ಕೂಲಿನಲ್ಲಿ ಹೊಡೆದಾಡಿದವರು ಒಬ್ಬರಿಗೊಬ್ಬರು ಕೋಲು ತಂದುಕೊಡಬೇಕಿತ್ತು. ನನ್ನ ಅಂಗೈಗೆ ಬೀಳುವ ಕೋಲನ್ನು ನನ್ನ ವೈರಿ ಆರಿಸುತ್ತಾನೆ, ಅವನ ಅಂಗೈಗೆ ಬೀಳುವುದನ್ನು ನಾನು ಆರಿಸಬೇಕು. ಇಂಥ ಕಾನೂನು ಸರ್ಕಾರದ ಯಾವ ಪುಸ್ತಕದಲ್ಲೂ ಇದ್ದಿರಲಾರದು. ಅದು ನಮ್ಮ ಹೆಡ್‌ಮಾಸ್ಟರ ಸ್ವಂತ ತಲೆಯದು. ‘ದಂಡಂ ದಶಗುಣಂ’ ಎಂದು ದಿನಕ್ಕೊಮ್ಮೆಯಾದರೂ ಹೇಳುತ್ತಿದ್ದ ಅವರು, ಹೊಡೆಯುವಾಗ ಮಾತ್ರ ಮೊಸರು ಕಡೆಯುವವರ ಹಾಗೆ ಮೆತ್ತಗೆ ಒಂದು ಏಟು ಕೊಟ್ಟು, ತಾವೇ ಕಣ್ಣು ಮುಚ್ಚಿಕೊಳ್ಳುತ್ತಿದ್ದರು.

ತೊಂಬತ್ತರ ದಶಕದ ಮಾತಿದು. ಬಾಳೂರಿನಿಂದ ಕಳಸದ ಕಡೆ ಹೋಗುವ ದಾರಿಯಲ್ಲಿ, ಗುಡ್ಡ ಕಡಿದು ಮಾಡಿದ ಅಂಗೈಯಗಲದ ಮೈದಾನ, ಅದರ ತುದಿಗೆ ಹಂಚು ಹೊದಿಸಿದ ನಮ್ಮ ಶಾಲೆ. ಮೈದಾನದ ಬೇಲಿಯಾಚೆಗೆ ಕಾಫಿ ಎಸ್ಟೇಟು. ಬೇಲಿಗೆ ಅಡ್ಡಡ್ಡ ಗಳ ತೂರಿಸಿದ ಒಂದು ದಣಪೆ ಇತ್ತು. ಅದರಲ್ಲಿ ನುಗ್ಗಿ ಹೋಗಿ ಕೋಲು ತರಬೇಕು.

ಜಗಳವಾಡಿದವರು ಹೋಗುವಾಗ ಹುಲಿಗಳ ಹಾಗೆ ಗುರುಗುಟ್ಟುತ್ತಾ ಹೋಗುತ್ತಿದ್ದರು. ಗಿಡದ ನಡುವೆ ಇಬ್ಬರೇ ಆದ ಮೇಲೆ ಒಬ್ಬ ಮೆಲ್ಲಗೆ ಕೇಳುತ್ತಿದ್ದ: “ನೀನು ಎಷ್ಟು ದಪ್ಪದ್ದು ತಗೊಳ್ತೀಯಾ?” ಇನ್ನೊಬ್ಬ, “ನೀನು ಎಂಥದ್ದು ತಗೊಳ್ತೀಯೋ ಅಂಥದ್ದೇ” ಎನ್ನುತ್ತಿದ್ದ. ಅಲ್ಲಿಗೆ ಸಂಧಾನ ಮುಗಿಯಿತು. ಬರುವಾಗ ಬೀಗರಾಗಿರುತ್ತಿದ್ದರು. ಕೈಯಲ್ಲಿ ಪೊರಕೆ ಕಡ್ಡಿಯಂಥ ಎರಡು ಕೋಲು. ಹೆಡ್‌ಮಾಸ್ಟರು ಅದನ್ನು ಬೆಳಕಿಗೆ ಹಿಡಿದು ನೋಡಿ, “ಇದು ಕೋಲೋ, ಹಲ್ಲುಕಡ್ಡಿಯೋ?” ಎಂದು ಕೇಳಿ, ಕಣ್ಣು ಮುಚ್ಚಿ ಒಂದೊಂದು ಕೊಟ್ಟು ಕಳಿಸುತ್ತಿದ್ದರು.

ಎಸ್ಟೇಟಿನ ಸಾವ್ಕಾರ್ರು ಚಿಕ್ಕಮಗಳೂರು ಪೇಟೆಯಲ್ಲಿ ಇದ್ದರು. ಮಕ್ಕಳು ಕೋಲು ಕಡಿಯಲು ಅವರ ಅಡ್ಡಿಯಿರಲಿಲ್ಲ, ಆದರೆ ಕಂಬಚಿಗುರು ಮಾತ್ರ ಕಡಿಯಬೇಕು. ಕಾಫಿ ಗಿಡದ ಬೊಡ್ಡೆಯಿಂದ ನೆಟ್ಟಗೆ ಮೇಲಕ್ಕೆ ಏಳುವ ಈ ಚಿಗುರು ಹಣ್ಣು ಬಿಡುವುದಿಲ್ಲ, ಗಿಡದ ಸಾರ ಮಾತ್ರ ಕುಡಿಯುತ್ತದೆ. ಆಳು ಹಚ್ಚಿ ತೆಗೆಸಲೇಬೇಕು. ಅಲ್ಲಿನ ಮೇಸ್ತ್ರಿ ಇದರ ಮೇಲೆ ತನ್ನದೊಂದು ಷರತ್ತು ಸೇರಿಸಿದ್ದ. ಒಂದು ಕೋಲು ಬೇಕಾದರೆ ಒಂದು ಸಾಲು ಗಿಡದ ಚಿಗುರು ಪೂರ್ತಿ ತೆಗೆದುಕೊಟ್ಟು ಹೋಗಬೇಕು. ಹೆಡ್‌ಮಾಸ್ಟರಿಗೂ ಅದು ಸರಿಯೆನಿಸಿತು; ಕೆಲಸ ಮಾಡಿದರೆ ಸಿಟ್ಟು ಇಳಿಯುತ್ತದೆ ಎಂದರು. ಹೀಗೆ ನಮ್ಮ ಶಾಲೆಯಲ್ಲಿ ಜಗಳ ಹೆಚ್ಚಿದಷ್ಟೂ ಪಕ್ಕದ ಎಸ್ಟೇಟು ಚೊಕ್ಕಟವಾಗುತ್ತಿತ್ತು. ಇಬ್ಬರ ಜಗಳ ಮೂರನೆಯವನಿಗೆ ಲಾಭ ಎಂದು ನಮ್ಮಜ್ಜಿ ಹೇಳುತ್ತಿದ್ದಳು. ಆ ಮೂರನೆಯವನನ್ನು ನಾನು ಕಣ್ಣಾರೆ ಕಂಡಿದ್ದೇನೆ. ಬೆನ್ನ ಹಿಂದೆ ಅಂಗಿಯ ಕಾಲರಿಗೆ ಕೊಡೆ ನೇತುಹಾಕಿಕೊಂಡು, ದಣಪೆಯ ಹತ್ತಿರ ಎಲೆಯಡಿಕೆ ಜಗಿಯುತ್ತಾ ನಿಂತಿರುತ್ತಿದ್ದ.

ಜಗಳಕ್ಕೇನೂ ಬರವಿರಲಿಲ್ಲ. ಬೇರೆ ಎಸ್ಟೇಟಿನ ಜೀಪಿನಲ್ಲಿ ಬರುವ ಹುಡುಗರದು ಒಂದು ಪಕ್ಷ, ನಡೆದು ಬರುವವರದು ಇನ್ನೊಂದು. ಜೀಪು ಹೊಂಡಕ್ಕಿಳಿದು ನಡೆಯುವವರ ಬಿಳಿ ಅಂಗಿಗೆ ಕೆಸರು ಹಾರಿಸಿದರೆ ಬೆಳಗಿನ ಪ್ರಾರ್ಥನೆಗೆ ಮೊದಲೇ ಯುದ್ಧ. ನಡೆಯುವವರ ಸೇನಾಪತಿ ನಮ್ಮ ದೊಡ್ಡಪ್ಪನ ಮಗ, ನಾನು ಅಣ್ಣ ಎಂದು ಕರೆಯುತ್ತಿದ್ದವನು. ಅವನು ಹತ್ತನೆಯ ಕ್ಲಾಸು, ತಂಗಿ ನಾನು ಒಂಬತ್ತು. ಜೀಪಿನವರಿಗೂ ಒಬ್ಬ ನಾಯಕನಿದ್ದ. ಆಗಷ್ಟೇ ಗಂಟಲು ಒಡೆದು, ಬೈಯಲು ಹೊರಟರೆ ಅರ್ಧ ಗಂಡಸಿನ ದನಿ, ಅರ್ಧ ಹೆಂಗಸಿನ ದನಿ ಬರುತ್ತಿತ್ತು.

ಆ ವರ್ಷ ಆಗಸ್ಟ್ ಹದಿನೈದಕ್ಕೆ ಕವಾಯತು ಕಲಿಸುವಾಗ ಇಬ್ಬರಿಗೂ ಹತ್ತಿಕೊಂಡು, ಅಣ್ಣ ಕೊಟ್ಟ ನೂಕಿಗೆ ಜೀಪಿನ ನಾಯಕನ ತಲೆ ಬ್ಯಾಂಡ್ ಸೆಟ್ಟಿನ ದೊಡ್ಡ ಡ್ರಮ್ಮಿನೊಳಗೆ ಹೋಯಿತು. ಅವನು ಒಳಗಿನಿಂದಲೇ ಬೈದದ್ದು ಗವಿಯಿಂದ ಬಂದ ಹಾಗೆ ಕೇಳಿಸಿತು. ಹಬ್ಬದ ದಿನ ನಾವು ಬರೀ ಸೀಟಿ ಊದಿಸಿಕೊಂಡು ಹೆಜ್ಜೆ ಹಾಕಿದೆವು. ಡ್ರಿಲ್ ಮಾಸ್ಟರಿಗೆ ಅದು ತಡೆಯಲಾರದ ದುಃಖ. ದಾವಣಗೆರೆ ಕಡೆಯಿಂದ ಬಂದ ಅವರಿಗೆ ಈ ಬೆಟ್ಟದಲ್ಲಿ ಖುಷಿ ಕೊಟ್ಟಿದ್ದ ಒಂದೇ ಒಂದು ವಸ್ತು ಆ ಡ್ರಮ್ಮು.

ಹೆಡ್‌ಮಾಸ್ಟರು ಅಣ್ಣನನ್ನು ಕರೆಸಿದರು. “ನೋಡಪ್ಪಾ, ಇನ್ನೊಂದು ಸಲ ನೀನು ಹೊಡೆದಾಟದಲ್ಲಿ ಸಿಕ್ಕಿಬಿದ್ರೆ ಕೋಲು ಗೀಲು ಏನೂ ಇಲ್ಲ. ಟಿಸಿ.”

ದೊಡ್ಡಪ್ಪ ಮನೆಯಲ್ಲಿ ಇನ್ನೂ ಚಿಕ್ಕದಾಗಿ ಹೇಳಿದರು. “ಟಿಸಿ ತಗೊಂಡು ಮನೆಗೆ ಬಂದ್ಯೋ, ಸಂಸೆ.”

ಸಂಸೆ ಎಂದರೆ ನಮ್ಮ ಅತ್ತೆಯ ಮನೆಯಿರುವ ಊರು. ಅತ್ತೆಯ ಗಂಡ ಪುರೋಹಿತರು. ಆ ಮನೆಯಲ್ಲಿ ಕೋಳಿ ಕೂಗುವ ಮೊದಲು ತಣ್ಣೀರು ಸ್ನಾನ, ಈರುಳ್ಳಿ ಕಂಡರೆ ಆಗದು, ರೇಡಿಯೋದಲ್ಲಿ ಕ್ರಿಕೆಟ್ ಹಾಕಿದರೆ ಮಾವ ಬಂದು ಕಿವಿ ತಿರುಪುವ ಬದಲು ರೇಡಿಯೋದ ಕಿವಿ ತಿರುಪಿ ಹೋಗುತ್ತಿದ್ದರು. ಅಣ್ಣನಿಗೆ ಜೈಲಾದರೂ ಬೇಕಿತ್ತು, ಸಂಸೆ ಬೇಡವಾಗಿತ್ತು. ಟಿಸಿ ಕೊಟ್ಟರೆ ಅಲ್ಲಿನ ಹೈಸ್ಕೂಲಿಗೆ ಸೇರಿಸಿ, ಹತ್ತನೆಯ ಕ್ಲಾಸು ಮುಗಿಯುವವರೆಗೆ ಅತ್ತೆಯ ಕಣ್ಣಳತೆಯಲ್ಲಿ ಇಡುವುದೆಂದು ದೊಡ್ಡಪ್ಪ ಆಗಲೇ ತೀರ್ಮಾನಿಸಿಬಿಟ್ಟಿದ್ದರು. ಅವನು ಎಲ್ಲೂ ಕೈ ಮಾಡದ ಹಾಗೆ ನೋಡಿಕೊಳ್ಳುವುದು ನನ್ನ ಕೆಲಸ ಎಂದು ದೊಡ್ಡಮ್ಮ ನನಗೆ ಆಣೆ ಹಾಕಿಸಿದಳು.

ಅಣ್ಣ ಸಾಧುವಾದ. ಜೀಪು ಕೆಸರು ಹಾರಿಸಿದರೆ “ಹೋಗ್ಲಿ, ಒಗದ್ರೆ ಹೋಗತ್ತೆ” ಎನ್ನತೊಡಗಿದ. ಕೈಗಳೆರಡನ್ನೂ ಚಡ್ಡಿಯ ಜೇಬಿನಲ್ಲೇ ಇಟ್ಟುಕೊಂಡು ಓಡಾಡುತ್ತಿದ್ದ. ಹೊರಗೆ ಬಿಟ್ಟರೆ ಎಲ್ಲಿ ತಾವೇ ಹೋಗಿ ಯಾರಿಗಾದರೂ ಬಡಿದಾವೋ ಎಂಬ ಭಯ. ಸೇನಾಪತಿಯೇ ಹೀಗಾದ ಮೇಲೆ ಸೇನೆ ಏನು ಮಾಡೀತು? ಶಾಲೆಯಲ್ಲಿ ಜಗಳ ನಿಂತೇಹೋಯಿತು.

ಮಳೆ ಸ್ವಲ್ಪ ಹೊಳವಾಗಿ ಬಿಸಿಲು ಬಿದ್ದದ್ದೇ ಎಸ್ಟೇಟಿನಲ್ಲಿ ಕಂಬಚಿಗುರು ಆಳೆತ್ತರ ಎದ್ದಿತು. ಮೇಸ್ತ್ರಿ, ಹೇಗೂ ಮಕ್ಕಳಿದ್ದಾರಲ್ಲ ಎಂದು, ಬೇಲಿ ಪಕ್ಕದ ಪಟ್ಟಿಗೆ ಆಳು ಹಚ್ಚಿರಲೇ ಇಲ್ಲ. ಇದ್ದ ಆಳುಗಳನ್ನೆಲ್ಲ ಮೇಲಿನ ತೋಟಕ್ಕೆ ಕಳಿಸಿದ್ದ. ಸಾವ್ಕಾರ್ರು ಚೌತಿ ಕಳೆದ ಮೇಲೆ ತೋಟ ನೋಡಲು ಬರುವವರಿದ್ದರು. ಅವನು ಒಂದು ದಿನ ಹೆಡ್‌ಮಾಸ್ಟರ ಜಗುಲಿಗೇ ಬಂದ.

“ಏನ್ ಸಾರ್, ಮಕ್ಳು ಯಾರೂ ಈ ಕಡೆ ಕಾಣ್ತಾನೇ ಇಲ್ಲ. ಎಲ್ರಿಗೂ ಹುಷಾರಿದ್ಯಾ?”

“ಹುಷಾರಾಗಿದಾರೆ. ಬುದ್ಧಿ ಬಂದಿದೆ,” ಎಂದರು ಹೆಡ್‌ಮಾಸ್ಟರು.

“ಓ,” ಎಂದ ಮೇಸ್ತ್ರಿ, ಸಾವಿನ ಸುದ್ದಿ ಕೇಳಿದವನ ಹಾಗೆ. “ಯಾವಾಗಿಂದ?”

ಮರುದಿನದಿಂದ ಅವನು ಊಟದ ಬಿಡುವಿನಲ್ಲಿ ದಣಪೆಗೆ ಒರಗಿ ನಿಂತು ಹುಡುಗರನ್ನು ಮಾತಾಡಿಸತೊಡಗಿದ. ಜೀಪಿನ ನಾಯಕನನ್ನು ಕರೆದು, “ನಿಮ್ ಜೀಪು ಇಳಿಜಾರಲ್ ಮಾತ್ರ ಹೋಗೋದಂತಲ್ಲಾ, ಏರಲ್ಲಿ ನೀವೇ ಇಳ್ದು ನೂಕೋದಂತೆ? ಆ ನಡ್ಕೊಂಡ್ ಬರೋ ಹುಡುಗ್ರು ಹೇಳ್ಕಂಡ್ ನಗಾಡ್ತಿದ್ರಪ್ಪ” ಎಂದ. ನಮ್ಮ ಕಡೆಗೆ ತಿರುಗಿ ಅಣ್ಣನಿಗೆ, “ಅಲ್ಲ ಮಾರಾಯ, ನಿನ್ ಚಡ್ಡಿನ ಗೊಬ್ಬರದ ಚೀಲದಲ್ಲಿ ಹೊಲ್ಸಿದ್ದಂತೆ? ಹಿಂದ್ಗಡೆ ಯೂರಿಯಾ ಅಂತ ಬರ್ದಿದ್ಯಂತೆ, ಜೀಪಿನವ್ರು ಹೇಳ್ತಿದ್ರು, ಹೌದಾ?” ಎಂದ.

ಅಣ್ಣನ ಕೈ ಜೇಬಿನೊಳಗೇ ಮುಷ್ಟಿಯಾಯಿತು. ನಾನು ಅವನ ಕಿವಿಯಲ್ಲಿ “ತಣ್ಣೀರು ಸ್ನಾನ” ಎಂದೆ. ಮುಷ್ಟಿ ಬಿಚ್ಚಿತು. ಆದರೂ ಹಿಂದೆ ಕೈಯಾಡಿಸಿ ಒಮ್ಮೆ ನೋಡಿಕೊಂಡ.

ಇದು ಕೆಲವು ದಿನ ನಡೆಯಿತು. ಕೊನೆಗೆ ಒಂದು ಮಧ್ಯಾಹ್ನ ಜೀಪಿನ ನಾಯಕ ಸೀದಾ ಬಂದು ಅಣ್ಣನ ಎದುರು ನಿಂತ. “ನಮ್ ಜೀಪು ಏರು ಹತ್ತಲ್ಲ ಅಂದ್ಯಂತೆ.” ಮೊದಲರ್ಧ ದಪ್ಪ ದನಿ, ಕೊನೆಯರ್ಧ ಕೀರಲು.

“ನಾನೆಲ್ಲಿ ಅಂದೆ? ನೀನೇ ಯೂರಿಯಾ ಅಂದ್ಯಂತೆ.”

“ಯೂರಿಯಾನಾ? ಎಂಥ ಯೂರಿಯಾ?”

ಸುತ್ತ ಹುಡುಗರು ಗುಂಪುಗಟ್ಟಿದರು. ದಣಪೆಯ ಆಚೆಯಿಂದ ಮೇಸ್ತ್ರಿ, “ಬಾಯಲ್ಲೇ ಎಷ್ಟೊತ್ತು ಮಾತಾಡ್ತೀರಿ ಮಾರಾಯ್ರಾ, ಬಿಸ್ಲು ಹೋಗತ್ತೆ” ಎಂದ. ಅದೇ ಹೊತ್ತಿಗೆ ಡ್ರಿಲ್ ಮಾಸ್ಟರು ವಾಲಿಬಾಲ್ ನೆಟ್ ಕಟ್ಟುವ ಕಂಬದ ಮರೆಯಲ್ಲಿ ನಿಂತದ್ದನ್ನು ಅವನು ನೋಡಿರಲಿಲ್ಲ.

“ಏನ್ರೀ ಮೇಸ್ತ್ರಿ, ನೀವೇ ಏನು ಹುಡುಗರಿಗೆ ಹಚ್ಚಿಕೊಡೋರು? ನನ್ನ ಡ್ರಮ್ ಹೋಗಿದ್ದೂ ನಿಮ್ಮಿಂದಲೇ ಏನು?” ಎನ್ನುತ್ತಾ ಅವರು ದಣಪೆ ದಾಟಿ ಹೋಗಿ ಮೇಸ್ತ್ರಿಯ ಕಾಲರ್ ಹಿಡಿದರು. ಕಾಲರಿನಲ್ಲಿ ಕೊಡೆ ಇತ್ತಲ್ಲ, ಅದು ಮಾಸ್ಟರ ತೋಳಿಗೆ ಸಿಕ್ಕಿಕೊಂಡಿತು. ಅವರು ಬಿಡಿಸಿಕೊಳ್ಳಲು ಎಳೆದರೆ ಮೇಸ್ತ್ರಿ ಹಿಂದಕ್ಕೆ ಬಂದ. ಮೇಸ್ತ್ರಿ ಮುಂದಕ್ಕೆ ಹೋದರೆ ಮಾಸ್ಟರು ಜೊತೆಗೇ ಹೋದರು. ಕೊಡೆ ಪಟ್ಟನೆ ತೆರೆದುಕೊಂಡಿತು. ಒಂದೇ ಕೊಡೆಯಡಿಯಲ್ಲಿ ಇಬ್ಬರೂ ಸುತ್ತುತ್ತಾ, ಬಾಯಿಗೆ ಬಂದದ್ದು ಬೈಯುತ್ತಾ, ದಣಪೆ ಮುರಿದುಕೊಂಡು ಮೈದಾನಕ್ಕೆ ಬಂದರು. ಇದ್ದ ಜಗಳ ಮರೆತು ಎರಡೂ ಪಕ್ಷದವರು ಪಕ್ಕಪಕ್ಕ ಕೂತು ನೋಡಿದರು.

ಅಣ್ಣನಿಗೆ ಮಾತ್ರ ಏನನ್ನಿಸಿತೋ, ಜೇಬಿನಿಂದ ಕೈ ತೆಗೆದು ಓಡಿಹೋಗಿ, ಡ್ರಿಲ್ ಮಾಸ್ಟರ ಸೊಂಟವನ್ನು ಹಿಂದಿನಿಂದ ಅಪ್ಪಿ ಎಳೆದ. ಕೊಡೆ ಹರಿಯಿತು, ಮೂವರೂ ಬಿದ್ದರು. ಹೆಡ್‌ಮಾಸ್ಟರು ಜಗುಲಿಗೆ ಬಂದದ್ದು ಆಗಲೇ. ಅವರಿಗೆ ಕಂಡದ್ದು ಇಷ್ಟು: ಕೆಳಗೆ ಮೇಸ್ತ್ರಿ, ಅವನ ಮೇಲೆ ಡ್ರಿಲ್ ಮಾಸ್ಟರು, ಅವರ ಮೇಲೆ ನಮ್ಮ ಅಣ್ಣ.

“ಟಿಸಿ,” ಎಂದರು ಹೆಡ್‌ಮಾಸ್ಟರು, ಬೇರೆ ಏನನ್ನೂ ಕೇಳದೆ.

“ಸಾರ್, ಅವ ಬಿಡಿಸಕ್ಕೆ ಹೋಗಿದ್ದು,” ಎಂದೆ ನಾನು. ಜೀಪಿನ ನಾಯಕನೂ “ಹೌದು ಸಾರ್” ಎಂದ, ಕೀರಲಿನಲ್ಲಿ.

“ನೀನು ಅವನ ತಂಗಿ. ಇವನು ನಾಳೆ ಅವನ ಜೊತೆ ಒಂದೇ ಕ್ಲಾಸಲ್ಲಿ ಕೂರೋನು, ಅವನ ಪರವೇ ಹೇಳ್ತಾನೆ. ದೊಡ್ಡವ್ರು ಹೇಳ್ಲಿ.”

ದೊಡ್ಡವರು ಮಣ್ಣು ಕೊಡವುತ್ತಾ ನಿಂತಿದ್ದರು. ಮಕ್ಕಳ ಎದುರು ತಾವೇ ಹೊಡೆದಾಡಿದೆವೆಂದು ಯಾರು ಹೇಳಿಕೊಳ್ಳುತ್ತಾರೆ? ಹೆಡ್‌ಮಾಸ್ಟರು ಇಬ್ಬರ ಮುಖವನ್ನೂ ನೋಡಿದರು.

“ಸರಿ. ಹೊಡೆದಾಡಿದವರು ಹೋಗಿ ಕೋಲು ತರೋದು ಇಲ್ಲಿಯ ಪದ್ಧತಿ. ಮೇಷ್ಟ್ರೇ, ನೀವು ಮೇಸ್ತ್ರಿಯವರಿಗೆ ಒಂದು ತನ್ನಿ. ಮೇಸ್ತ್ರಿಯವ್ರೇ, ನೀವು ಇವ್ರಿಗೆ. ಬಂದ ಮೇಲೆ ಟಿಸಿ ವಿಚಾರ.”

ಇಬ್ಬರೂ ಒಬ್ಬರನ್ನೊಬ್ಬರು ನೋಡದೆ ಎಸ್ಟೇಟಿನೊಳಗೆ ಹೋದರು. ಗಿಡದ ನಡುವೆ ಏನಾಗುತ್ತದೆಂದು ನಮಗೆಲ್ಲ ಗೊತ್ತು. ಹೋಗುವಾಗ ಹುಲಿ, ಬರುವಾಗ ಬೀಗರು. ಅವರಿಬ್ಬರೂ ಅಲ್ಲಿ ರಾಜಿಯಾಗಿಬಿಟ್ಟರೆ, ತಪ್ಪೆಲ್ಲ ಹುಡುಗನದೇ ಎಂದು ಒಂದೇ ಬಾಯಲ್ಲಿ ಹೇಳಿದರೆ ಮುಗಿಯಿತು. ಅಣ್ಣ ನೆಲ ನೋಡುತ್ತಾ, “ಅತ್ತೆ ಮನೇಲಿ ಸಾರಿಗೆ ಇಂಗಾದ್ರೂ ಹಾಕ್ತಾರಾ?” ಎಂದು ಕೇಳಿದ. ಪಾಪ, ಅವನಾಗಲೇ ಸಂಸೆ ಬಸ್ಸು ಹತ್ತಿ ಕೂತಿದ್ದ.

ಬಹಳ ಹೊತ್ತಾಯಿತು. ಗಂಟೆ ಹೊಡೆಯುವವನೂ ಮರೆತು ನಿಂತಿದ್ದ. ಮೊದಲು ಬಂದವರು ಡ್ರಿಲ್ ಮಾಸ್ಟರು, ಕುಣಿಯುತ್ತಾ ಬಂದರು. ಅಂಗಿಯೊಳಗೆ ಚಗಳಿ ಇರುವೆ ಹೊಕ್ಕಿತ್ತು. ಹಿಂದೆ ಮೇಸ್ತ್ರಿ. ಮಾಸ್ಟರ ಕೈಯಲ್ಲಿದ್ದ ಕೋಲು ಒನಕೆಯಂತಿತ್ತು. ಮೇಸ್ತ್ರಿಯ ಕೋಲು ಅದಕ್ಕಿಂತ ದಪ್ಪ. ಚಿಗುರಿನಲ್ಲಿ ಅಂಥದ್ದು ಸಿಗಲಾರದೆಂದು, ನೆರಳಿನ ಮರದ ಕೊಂಬೆಯನ್ನೇ ಕಡಿದು ಹೆಗಲ ಮೇಲೆ ಹೊತ್ತು ತಂದಿದ್ದ.

ಹೆಡ್‌ಮಾಸ್ಟರು ಎರಡನ್ನೂ ನೋಡಿದರು. ಹಲ್ಲುಕಡ್ಡಿಯ ಮಾತು ಆಡಲಿಲ್ಲ.

“ಸಾರ್, ಈ ಮನುಷ್ಯ ನಿಮ್ಮ ಹುಡುಗರನ್ನ ಕಾದಾಡಿಸಿ ತನ್ನ ತೋಟದ ಕೆಲಸ ಮಾಡಿಸ್ಕೊಳ್ತಾನ್ರಿ. ಆ ಹುಡುಗ ಇಷ್ಟು ದಿನ ಸುಮ್ಮನಿದ್ದ, ಅವನನ್ನೂ ಕೆಣಕಿದ,” ಎಂದರು ಡ್ರಿಲ್ ಮಾಸ್ಟರು, ಬೆನ್ನನ್ನು ಕಂಬಕ್ಕೆ ತಿಕ್ಕುತ್ತಾ.

“ನಾನು ಬಾಯಲ್ ಹೇಳಿದ್ದು ಹೌದು ಸಾರ್. ಕೈ ಹಾಕಿದ್ದು ಇವ್ರು. ಕಾಲರ್ ಹಿಡಿದ್ರು, ಕೊಡೆ ಹರ್ದ್ರು. ಆ ಹುಡ್ಗ ಬಂದು ಎಳೀದಿದ್ರೆ ನನ್ ಕತ್ತೂ ಇರ್ತಿರ್ಲಿಲ್ಲ,” ಎಂದ ಮೇಸ್ತ್ರಿ.

“ಹಾಗಾದ್ರೆ ಹುಡುಗ ಹೊಡೀಲಿಲ್ಲ.”

“ಅವನೆಲ್ಲಿ ಹೊಡೆದ?” ಎಂದರು ಇಬ್ಬರೂ. ಆ ದಿನ ಅವರಿಬ್ಬರೂ ಒಪ್ಪಿದ ಮಾತು ಅದೊಂದೇ.

ಹೆಡ್‌ಮಾಸ್ಟರು ಅಣ್ಣನಿಗೆ “ಕ್ಲಾಸಿಗೆ ಹೋಗು” ಎಂದರು. ಮತ್ತೆ ಇವರ ಕಡೆ ತಿರುಗಿ ಗಂಟಲು ಸರಿಮಾಡಿಕೊಂಡರು. ಅಷ್ಟಕ್ಕೇ, ಯಾರೂ ಹೇಳದೆ, ಡ್ರಿಲ್ ಮಾಸ್ಟರೂ ಮೇಸ್ತ್ರಿಯೂ ಅಂಗೈ ಮುಂದೆ ಚಾಚಿಬಿಟ್ಟರು. ಯಾವ ಕಾಲದಲ್ಲಿ ಯಾವ ಶಾಲೆಯಲ್ಲಿ ಕಲಿತದ್ದೋ. ಹೆಡ್‌ಮಾಸ್ಟರಿಗೆ ಆ ಕೋಲುಗಳನ್ನು ಎತ್ತಲೇ ಆಗುತ್ತಿರಲಿಲ್ಲ. ಅವರು ಕಣ್ಣು ಮುಚ್ಚಿ ಒಂದು ಕ್ಷಣ ನಿಂತು, “ಇದರಲ್ಲಿ ಆ ದಣಪೆ ರಿಪೇರಿ ಮಾಡಿ, ಇಬ್ಬರೂ ಸೇರಿ” ಎಂದು ಒಳಗೆ ಹೋದರು.

ಸಂಜೆ ಮನೆಗೆ ನಡೆಯುವಾಗ ಅಣ್ಣ ಮತ್ತೆ ಮತ್ತೆ ತಿರುಗಿ ದಣಪೆಯ ಕಡೆ ನೋಡುತ್ತಿದ್ದ. ಕೈಗಳು ಜೇಬಿನಿಂದ ಹೊರಗಿದ್ದವು. “ಸಂಸೆ ತಪ್ಪಿತಲ್ಲ, ಇನ್ನೇನು ಯೋಚನೆ?” ಎಂದು ಕೇಳಿದೆ.

“ಅದಲ್ಲ ಕಣೇ,” ಎಂದ. “ಅಷ್ಟು ದಪ್ಪದ್ದು ನಾವ್ಯಾರೂ ಯಾವತ್ತೂ ತಂದಿರ್ಲಿಲ್ಲ.”