ಮುಟ್ಟು ಎಂದರೆ ಕಲ್ಲು

ಮಕ್ಕಳೇ, ಇದನ್ನು ನಿಮಗೆ ಓದಿ ಹೇಳುವವಳು ನಿಮ್ಮ ಅಮ್ಮ. ನಿಮಗೆ ತಮಿಳು ಬರುತ್ತದೆ, ಇಂಗ್ಲಿಷ್ ಬರುತ್ತದೆ, ಈ ಅಕ್ಷರ ಬರುವುದಿಲ್ಲ. ನಿಮ್ಮ ಅಪ್ಪನಿಗೂ ಬರುವುದಿಲ್ಲ. ಮನೆಯಲ್ಲಿ ಕನ್ನಡ ಆಡುತ್ತಾನೆ, ಆದರೆ ಓದಿದ್ದೆಲ್ಲ ಇಲ್ಲಿಯ ತಮಿಳು ಶಾಲೆಯಲ್ಲಿ. ನಾನು ಗಡಿಯ ಬೆಟ್ಟದ ಮೇಲಿನ ಊರಿನವಳು. ಅಲ್ಲಿ ನಮಗೆ ಕನ್ನಡ ಶಾಲೆ ಇತ್ತು, ದೊಡ್ಡ ಹುಡುಗಿಯಾಗುವವರೆಗೆ ಕಳಿಸಿದರು. ಹಾಗಾಗಿ ಈ ಮನೆಯಲ್ಲಿ ಇದನ್ನು ಓದಬಲ್ಲವರು ನಾನು ಮತ್ತು ಮೈಸೂರಿನಿಂದ ಸೊಸೆಯಾಗಿ ಬಂದ ನಿಮ್ಮ ಅಮ್ಮ, ಇಬ್ಬರೇ. ಇದನ್ನು ನೆನಪಿಟ್ಟುಕೊಳ್ಳಿ. ಕೊನೆಯಲ್ಲಿ ಬೇಕಾಗುತ್ತದೆ.

ನಿಮ್ಮ ಅಮ್ಮನ ಕರೆಂಟು ವಂಡಿ ಈ ಮನೆಗೆ ಬಂದಾಗ ನೀವು ತೀರ ಚಿಕ್ಕವರು. ಸ್ಕೂಟರ್ ಅಲ್ಲ, ಗಂಡಸರು ಓಡಿಸುವಂಥ ಮೋಟಾರ್ ಸೈಕಲ್ಲೇ. ಅದಕ್ಕೂ ಮುಂಚೆ ಅವಳು ಗಾಂಧಿಪುರದ ಜವಳಿ ಅಂಗಡಿಯ ಕೆಲಸಕ್ಕೆ ಎರಡು ಬಸ್ಸು ಹತ್ತಿ ಇಳಿಯುತ್ತಿದ್ದಳು. ಮದುಕ್ಕರೈ ಬಸ್ಸಿನಿಂದ ಇಳಿದು ನಮ್ಮ ಬೀದಿಯ ಏರು ಹತ್ತಿ ಬರುವಷ್ಟರಲ್ಲಿ ಮಾತಾಡಲೂ ಉಸಿರು ಇರುತ್ತಿರಲಿಲ್ಲ. ವಂಡಿ ಬಂದ ಮೇಲೆ ಬೆಳಕಿರುವಾಗಲೇ ಬರತೊಡಗಿದಳು, ಬಂದವಳು ಹಾಡತೊಡಗಿದಳು.

ನನಗೂ ಅದು ಇಷ್ಟವಾಯಿತು. ಯಾಕೆಂದರೆ ಅದಕ್ಕೆ ಸದ್ದಿಲ್ಲ. ನಿಮ್ಮ ತಾತ ಹೋದ ಮೇಲೆ ನಾನು ಹೊಸಿಲು ದಾಟಿದರೆ ಸಾಕು, ಎಲ್ಲ ಕಿಟಕಿಯಲ್ಲೂ ಒಂದೊಂದು ಮುಖ. ನಿಮ್ಮ ಅಪ್ಪನ ಪೆಟ್ರೋಲ್ ವಂಡಿ ಹತ್ತಿದರೆ ಊರಿಗೇ ಡಂಗುರ. ಈ ವಂಡಿಯೋ, ಬೆಕ್ಕು ಹಾಲು ಕುಡಿದು ಹೋದ ಹಾಗೆ ಹೋಗಿಬಿಡುತ್ತಿತ್ತು. ನಿಮ್ಮ ಅಮ್ಮನಿಗೆ ರಜೆ ಇದ್ದ ದಿನ ನನ್ನನ್ನು ಹಿಂದೆ ಕೂರಿಸಿಕೊಂಡು ಹೋಗಿ ರಸ್ತೆಬದಿಯ ತಳ್ಳುಗಾಡಿಯಲ್ಲಿ ಕಾಳಾನ್ ಕೊಡಿಸುತ್ತಿದ್ದಳು. ಹೆಸರಿಗೆ ಅಣಬೆ, ತಟ್ಟೆಯ ತುಂಬ ಎಲೆಕೋಸು. ಇರಲಿ, ಅಂಥ ರುಚಿ ನಾನು ಮಾಡಿದ ಯಾವ ಅಡುಗೆಯಲ್ಲೂ ಇಲ್ಲ. ಹೊರಗಿನ ತಿಂಡಿ ನಮ್ಮಮ್ಮನ ಹೊಟ್ಟೆಗೆ ಆಗುವುದಿಲ್ಲ ಎಂದು ನಿಮ್ಮ ಅಪ್ಪ ಎಲ್ಲರಿಗೂ ಹೇಳುತ್ತಿದ್ದ. ನಾನು ತಲೆ ಆಡಿಸುತ್ತಿದ್ದೆ.

ಸದ್ದಿಲ್ಲದ ವಂಡಿ ಉರುಳುವಾಗಲೂ ಸದ್ದು ಮಾಡುವುದಿಲ್ಲ. ಅದೇ ತೊಂದರೆ.

ಪೂಜೆ ಮಾಡಿಸಿ ತಂದ ದಿನ. ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟು ಹತ್ತಿಸಿದ್ದೆವು. ಕಲ್ಲು ಇಡುವ ಬುದ್ಧಿ ಯಾರಿಗೂ ಬರಲಿಲ್ಲ. ನಿಮ್ಮ ಅಮ್ಮ ವಂಡಿಯ ಮೂತಿಯನ್ನು ಇಳಿಜಾರಿನ ಕಡೆಗೆ ಮಾಡಿ, ಪಕ್ಕದ ಸ್ಟ್ಯಾಂಡು ಹಾಕಿ, ಸೆರಗಿನಿಂದ ಕನ್ನಡಿ ಒರೆಸುತ್ತಿದ್ದಳು. ನಾನು ಮನೆ ಮುಂದಿನ ತಿಣ್ಣೆಯ ಮೇಲೆ ಕುಳಿತಿದ್ದೆ. ಚಕ್ರ ಮೆಲ್ಲಗೆ ತಿರುಗುವುದು ಕಂಡಿತು. ಜೋರಾಗಿ ಮಾತಾಡದ ನಾನು ಅಂದು ಕೂಗಿದೆ:

"ಮುಟ್ಟು ಕೊಡು, ಕಣ್ಣು! ಮುಟ್ಟು! ಮುಟ್ಟು!"

ನಮ್ಮ ಕಡೆ ಉರುಳುವ ಗಾಡಿಯ ಚಕ್ರಕ್ಕೆ ಒತ್ತು ಕೊಡುವ ಕಲ್ಲಿಗೂ ಕಟ್ಟಿಗೆಗೂ ಮುಟ್ಟು ಎನ್ನುತ್ತೇವೆ. ತಮಿಳಿನವರು ಅನ್ನುವುದನ್ನು ಕೇಳಿ ಕೇಳಿ ನಮಗೂ ಅದೇ ಮಾತು. ಮುದ್ದಿನಿಂದ ಕಣ್ಣು ಎಂದು ಕರೆಯುವುದೂ ಹಾಗೆಯೇ. ಮೈಸೂರಿನವಳಿಗೆ ಅದು ಹೇಗೆ ತಿಳಿಯಬೇಕು? ಪಾಪ, ಹೊಸ ವಂಡಿಗೆ ನಮ್ಮ ಮನೆತನದ ಇನ್ನೊಂದು ಶಾಸ್ತ್ರ ಎಂದುಕೊಂಡಳು. ಹಸುವನ್ನು ಮುಟ್ಟುವ ಹಾಗೆ ಬೆರಳ ತುದಿಯಿಂದ ಸೀಟನ್ನು ಮುಟ್ಟಿ, ಕಣ್ಣಿಗೆ ಒತ್ತಿಕೊಂಡಳು.

"ಮುಟ್ಟು! ಮುಟ್ಟು!"

"ಮುಟ್ಟಿದೀನಲ್ಲ ಅತ್ತೆ! ಇನ್ನೂ ಎಷ್ಟು ಮುಟ್ಲಿ?"

ಅವಳು ಎರಡನೇ ಸಲ ಕಣ್ಣಿಗೆ ಒತ್ತಿಕೊಂಡು ಕಣ್ಣು ಬಿಡುವಷ್ಟರಲ್ಲಿ ಅಲ್ಲಿ ವಂಡಿ ಇರಲಿಲ್ಲ. ಸ್ಟ್ಯಾಂಡು ತಾನೇ ಮಡಚಿಕೊಂಡಿತ್ತು. ವಂಡಿ ಇಳಿಜಾರಿನಲ್ಲಿ ಒಂದಷ್ಟು ದೂರ ನೆಟ್ಟಗೆ, ದೊಡ್ಡಮನುಷ್ಯರ ಹಾಗೆ ಹೋಗಿ, ಕೆಳಮನೆಯ ಅಕ್ಕನ ಹುಲ್ಲಿನ ರಾಶಿಗೆ ನುಗ್ಗಿ ಮಲಗಿತು. ಅಲ್ಲೇ ಕಟ್ಟಿದ್ದ ಅವರ ಕಾಂಗೇಯಂ ತಳಿಯ ಹಸು ಒಂದು ಹೆಜ್ಜೆ ಹಿಂದೆ ಸರಿದು ಬುಸ್ಸೆಂದಿತು. ಅಕ್ಕ ಹೊರಗೆ ಬಂದು, ಸೊಂಟದ ಮೇಲೆ ಕೈ ಇಟ್ಟು, ಮೇಲೆ ನೋಡಿ ಕೂಗಿದರು: "ಏನುಂಗ ಅಮ್ಮಣಿ, ವಂಡಿ ಮಟ್ಟುಂ ವಂದಿರುಕ್ಕು, ನೀಂಗ ವರಲೀಂಗಳಾ?" ವಂಡಿ ಮಾತ್ರ ಬಂದಿದೆ, ನೀವು ಬರಲಿಲ್ಲವಾ ಅಂತ.

ಕನ್ನಡಿ ಒಡೆದಿತ್ತು. ಮುಟ್ಟು ಎಂಬ ಮಾತಿಗೆ ಮೈಸೂರಿನ ಕಡೆ ಇನ್ನೊಂದು ಅರ್ಥವೂ ಇದೆಯಂತೆ. ಅದನ್ನು ಬೀದಿಗೇ ಕೇಳುವ ಹಾಗೆ ಅಷ್ಟು ಸಲ ಕೂಗಿದಿರಲ್ಲ ಎಂದು ನಿಮ್ಮ ಅಮ್ಮ ಒಳಗೆ ಬಂದು ನಕ್ಕು ನಕ್ಕು ಅತ್ತಳು. ಆ ಅರ್ಥ ಏನೆಂದು ಅವಳನ್ನೇ ಕೇಳಿ. ಬರೆಯಲು ನನಗೆ ನಾಚಿಕೆ.

ನಿಮ್ಮ ಅಪ್ಪ ನಗಲಿಲ್ಲ. "ಇನ್ನೊಂದು ದಪಾ ಇದು ಉರುಳ್ತೋ, ಮಾರ್ಬುಡ್ತೀನಿ. ನೀನು ಪೇಸಾಮ ಸುಮ್ನೆ ಬಸ್ಸಲ್ಲೇ ಹೋಗು," ಎಂದ. "ವಂಡಿ ನಿಲ್ಸಕ್ಕೂ ಒಂದು ನಿದಾನ ಬೇಕು. ನನ್ನ ವಂಡಿ ಯಾವತ್ತಾದ್ರೂ ಉರುಂಡಿದ್ದುಂಟಾ?"

ಇಲ್ಲ, ಉರುಳಿರಲಿಲ್ಲ. ಅವನ ಪೆಟ್ರೋಲ್ ವಂಡಿಯನ್ನು ಗೇರಿಗೆ ಹಾಕಿ ಬಿಟ್ಟರೆ ಅದು ಕಚ್ಚಿಕೊಂಡು ನಿಲ್ಲುತ್ತದೆ. ಇದಕ್ಕೆ ಗೇರೇ ಇಲ್ಲ.

ಮಾರಿಬಿಡುತ್ತೇನೆ ಎಂದರೆ ಮಾರಿಬಿಡುವವನೇ ಅವನು. ಅತ್ತೆ ಸೊಸೆ ಇಬ್ಬರೂ ಹೆದರಿದೆವು. ಅವಳಿಗೆ ಎರಡು ಬಸ್ಸಿನ ಭಯ, ನನಗೆ ಅವಳು ಕೊಡಿಸುತ್ತೇನೆ ಎಂದಿದ್ದ ಕಾಳಾನಿನ ಭಯ. ಮಾರನೆಯ ದಿನದಿಂದ ವಂಡಿ ಮೂತಿ ಮೇಲೆ ಮಾಡಿ ನಿಂತಿತು. ಹಾಗೆ ನಿಂತರೆ ಹಿಂದಕ್ಕೆ ಜಾರಲು ನೋಡುತ್ತದೆ, ಜಾರಿದಷ್ಟೂ ಸ್ಟ್ಯಾಂಡು ಇನ್ನೂ ಬಿಗಿಯಾಗುತ್ತದೆ, ಮಡಚಿಕೊಳ್ಳುವುದಿಲ್ಲ. ಹಿಂದಿನ ಚಕ್ರಕ್ಕೆ ಮುಟ್ಟು ಕೊಟ್ಟೆವು. ಒರಳು ಒಡೆದಾಗ ಉಳಿದಿದ್ದ ತುಂಡು ಅದು, ಚಕ್ರಕ್ಕೆ ಅಳತೆ ಕೊಟ್ಟು ಮಾಡಿಸಿದ ಹಾಗೆ ಕೂತಿತು. ಆಮೇಲೆ ಬ್ರೇಕು. ಅದನ್ನು ಒತ್ತಿ ಹಿಡಿದೇ ಇರಲು ಏನಾದರೂ ಕಟ್ಟಬೇಕು. ನಿಮ್ಮ ಅಪ್ಪನದು ತಿರುಪ್ಪೂರಿನ ಬನಿಯನ್ ಕಾರ್ಖಾನೆಗಳ ವೇಸ್ಟ್ ವ್ಯಾಪಾರವಲ್ಲವೇ, ಮನೆಯ ಮೂಲೆಮೂಲೆಯಲ್ಲೂ ಜಟ್ಟಿಯ, ಅಂದರೆ ಒಳಚಡ್ಡಿಯ, ಸೊಂಟಕ್ಕೆ ಹಾಕುವ ಎಲಾಸ್ಟಿಕ್ಕಿನ ತುಂಡುಗಳು. ಒಂದನ್ನು ಗಂಟು ಹಾಕಿ ಬಳೆಯ ಹಾಗೆ ಮಾಡಿ, ಬ್ರೇಕು ಒತ್ತಿ, ಹಿಡಿಗೆ ಸೇರಿಸಿ ಸುತ್ತಿದೆವು. ನಿಮ್ಮ ಅಮ್ಮ ಸೊಂಟದಿಂದ ಒಮ್ಮೆ ನೂಕಿ ನೋಡಿದಳು. ಅಲುಗಲಿಲ್ಲ.

ಕೆಳಮನೆಯ ಅಕ್ಕ ಹಾಲು ಕೊಡಲು ಬಂದವರು ಅದನ್ನು ಎಳೆದು ನೋಡಿದರು. "ಅಡ ಸಾಮೀ, ವಂಡಿಕ್ಕು ಜಟ್ಟಿಯಾ!"

"ಚಳಿಗಾಲ ಅಲ್ವಾ ಅಕ್ಕ, ಅದಕ್ಕೂ ಬೇಡ್ವಾ!" ಎಂದಳು ನಿಮ್ಮ ಅಮ್ಮ. ಅವರಿಗೆ ಕನ್ನಡ ಬರುವುದಿಲ್ಲ, ಆದರೂ ಬಿದ್ದು ಬಿದ್ದು ನಕ್ಕರು. ಎಷ್ಟೋ ಬೆಳಗ್ಗೆ ಅವಸರದಲ್ಲಿ ಜಟ್ಟಿ ಬಿಚ್ಚಲು ಮರೆತು ಹೊರಡಲು ಹೋಗಿ, ವಂಡಿ ಮುಲುಕಿ ಅಲ್ಲೇ ನಿಂತು, ಬೀದಿಯವರೆಲ್ಲ ಒಟ್ಟಿಗೆ "ಜಟ್ಟಿ! ಜಟ್ಟಿ!" ಎಂದು ಕೂಗಿದ್ದೂ ಉಂಟು. ಆದರೆ ಮತ್ತೆ ಉರುಳಲಿಲ್ಲ.

ಅವಳ ಕೈಯಲ್ಲಿ ಉರುಳಲಿಲ್ಲ ಎಂದೆ.

ಆ ಬೇಸಿಗೆ ರಜೆಯಲ್ಲಿ ನೀವು ಅಮ್ಮನ ಜೊತೆ ಮೈಸೂರಿನ ಅಜ್ಜಿಯ ಮನೆಗೆ ಹೋಗಿದ್ದಿರಿ. ನಿಮ್ಮ ಅಪ್ಪನ ವಂಡಿ ರಿಪೇರಿಗೆ ಹೋಗಿತ್ತು. ಬೆಳಗ್ಗೆ ಇದನ್ನೇ ತೆಗೆದುಕೊಂಡು ತರಕಾರಿಗೆ ಹೋದ. ಬಂದ. ಮೂತಿ ಕೆಳಗೆ ಮಾಡಿ ನಿಲ್ಲಿಸಿದ. ನಾನು ತಿಣ್ಣೆಯ ಮೇಲೆ ಸೊಪ್ಪು ಸೋಸುತ್ತಿದ್ದೆ. ಇಲ್ಲದ ಗೇರನ್ನು ಅವನ ಎಡಗಾಲು ಒತ್ತಿದ್ದನ್ನು ನೋಡಿದೆ. ಗಾಳಿಯನ್ನೇ ಒತ್ತಿ, ನೆಮ್ಮದಿಯಾಗಿ, ತರಕಾರಿ ಚೀಲವನ್ನು ವಂಡಿಯಲ್ಲೇ ಬಿಟ್ಟು ನೀರು ಕುಡಿಯಲು ಒಳಗೆ ಹೋದ. ಒರಳಿನ ಕಲ್ಲು ನನ್ನ ಕಾಲ ಬಳಿಯೇ ಇತ್ತು. ಜಟ್ಟಿ ಮೊಳೆಯಲ್ಲಿ ನೇತಾಡುತ್ತಿತ್ತು.

ನಾನು ಎದ್ದು ಕಲ್ಲು ಎತ್ತುವಷ್ಟರಲ್ಲಿ ವಂಡಿ ಹೊರಟಿತ್ತು. ದಾರಿ ಅದಕ್ಕೆ ಗೊತ್ತಿತ್ತು. ಅದೇ ಹುಲ್ಲಿನ ರಾಶಿ, ಅದೇ ಹಸು. ಈ ಸಲ ಹಸು ಹಿಂದೆ ಸರಿಯಲಿಲ್ಲ. ಚೀಲಕ್ಕೆ ಬಾಯಿ ಹಾಕಿ ಹೂಕೋಸನ್ನು ಎಳೆದುಕೊಂಡಿತು. ನಿಮ್ಮ ಅಪ್ಪ ಬರಿಗಾಲಲ್ಲಿ ಓಡಿದ. ಅಕ್ಕನ ಮನೆಗೆ ಬೀಗ ಹಾಕಿತ್ತು. ಬೀದಿಯಲ್ಲಿ ಒಂದು ನರಪಿಳ್ಳೆ ಇಲ್ಲ. ಎಡಕ್ಕೊಮ್ಮೆ ಬಲಕ್ಕೊಮ್ಮೆ ನೋಡಿ, ವಂಡಿಯನ್ನು ಎತ್ತಿ ತಳ್ಳಿಕೊಂಡು ಏರು ಹತ್ತಿ ಬಂದ. ತಲೆಯಲ್ಲಿ ಹುಲ್ಲು.

"ಅಮ್ಮಾ, ನೋಡಿದ್ಯಾ?"

"ಏನನ್ನ?"

"ಅವಳಿಗೆ ಹೇಳ್ಬೇಡ ಅಮ್ಮಾ. ನಿನ್ನ ಕಾಲು ಹಿಡೀತೀನಿ."

"ನಾನ್ಯಾಕೆ ಬಾಯಿ ಬಿಡ್ಲಿ? ಆದ್ರೆ ಇನ್ನೊಂದು ದಪಾ ಉರುಂಡ್ರೆ ಮಾರ್ಬುಡ್ತೀನಿ ಅಂದಿದ್ಯಲ್ಲಪ್ಪ. ಗಿರಾಕಿ ಯಾವಾಗ ಬರ್ತಾರೆ?"

ಅವನು ನನ್ನ ಕೈಯಲ್ಲಿದ್ದ ಕಲ್ಲನ್ನು ತೆಗೆದುಕೊಂಡು ಬಗ್ಗಿ ಹಿಂದಿನ ಚಕ್ರಕ್ಕೆ ಇಟ್ಟ. ಮೊಳೆಯಿಂದ ಜಟ್ಟಿ ತೆಗೆದು ಬ್ರೇಕಿಗೆ ಹಾಕಿದ. ಒಮ್ಮೆ ನೂಕಿಯೂ ನೋಡಿದ. ನೀವೆಲ್ಲ ಊರಿನಿಂದ ಬಂದ ಮೇಲೆ ಮಾರುವ ಮಾತು ಮತ್ತೆ ಬರಲಿಲ್ಲ. ಅವನಿಗೆ ಇದ್ದಕ್ಕಿದ್ದಂತೆ ಬುದ್ಧಿ ಬಂದಿದ್ದು ಹೇಗೆಂದು ನಿಮ್ಮ ಅಮ್ಮ ಎಷ್ಟೋ ಸಲ ಕೇಳಿದ್ದಾಳೆ. ನಾನು ತಲೆ ಆಡಿಸಿದ್ದೇನೆ.

ಬಾಯಿ ಬಿಡುವುದಿಲ್ಲ ಎಂದಿದ್ದೆ, ಬಿಟ್ಟಿಲ್ಲ. ಬರೆಯಬೇಡ ಎಂದು ಅವನು ಕೇಳಿರಲಿಲ್ಲ.

ಇಷ್ಟು ಹೊತ್ತಿಗೆ ನಿಮ್ಮ ಅಮ್ಮ ಓದುವುದನ್ನು ನಿಲ್ಲಿಸಿ ನಿಮ್ಮ ಅಪ್ಪನನ್ನು ನೋಡುತ್ತಿರುತ್ತಾಳೆ. ಅವನು ಏನೋ ಕೆಲಸ ಇದೆ ಎಂದು ಎದ್ದು ಹೊರಗೆ ಜಾರಲು ನೋಡುತ್ತಾನೆ. ಬೇಗ ಹೋಗಿ ಇಬ್ಬರೂ ಬಾಗಿಲಿಗೆ ಅಡ್ಡ ಕುಳಿತುಕೊಳ್ಳಿ. ಮುಟ್ಟು ಕೊಡಿ.